ಮಗಳು ಗ್ರಾಮ ಸಭೆಯಲ್ಲಿ ಎದ್ದು ಮಾತಾಡಿದ್ದಾಳೆ, ಈಗ ರಾತ್ರಿ ಮಲಗುತ್ತಿಲ್ಲ: ಹೊಳಲ್ಕೆರೆ ತಾಲ್ಲೂಕಿನ ತಂದೆಯೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರ. ಮೂರು ಎಕರೆ ತೋಟವಿದೆ. 2024ರ ಬೇಸಿಗೆಯಲ್ಲಿ ನಾಲ್ಕು ಬೋರ್ ಕೊರೆಸಿದೆ. ಮೂರರಲ್ಲಿ ಬರೀ ಧೂಳು ಬಂತು, ನಾಲ್ಕನೆಯದರಲ್ಲಿ ಬಂದ ಒಂದೂವರೆ ಇಂಚು ನೀರು ತಿಂಗಳೊಳಗೆ ನಿಂತಿತು. ಟ್ಯಾಂಕರ್ ಹಾಕಿಸಿ ಅರ್ಧ ತೋಟ ಉಳಿಸಿಕೊಂಡೆ. ಮಗಳಿಗೆ 17 ವರ್ಷ, ಚಿತ್ರದುರ್ಗದಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ನಮ್ಮೂರ ಮಕ್ಕಳ ಗ್ರಾಮ ಸಭೆಯಲ್ಲಿ ಅವಳು ಎದ್ದು ನಿಂತು, ಮಳೆ ಮೊದಲಿನಂತಿಲ್ಲ, ಪರೀಕ್ಷೆಯ ದಿನಗಳಲ್ಲಿ ಹುಡುಗಿಯರು ಪುಸ್ತಕ ಬಿಟ್ಟು ಕೊಡ ಹಿಡಿದು ನಿಲ್ಲಬೇಕಾಗಿದೆ, ಕೆರೆ ಅಂಗಳವನ್ನು ಒತ್ತುವರಿ ಮಾಡಿಕೊಂಡವರನ್ನು ತೆರವು ಮಾಡಿಸಿ ಎಂದು ಕೇಳಿದಳು. ಯಾರೋ ಅದರ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರು. ಒತ್ತುವರಿ ಮಾಡಿದವರಲ್ಲಿ ನನ್ನ ಒಡಹುಟ್ಟಿದ ಅಣ್ಣನೂ ಒಬ್ಬ. ಅಂದಿನಿಂದ ಅವನು ನಮ್ಮ ಮನೆಗೆ ಕಾಲಿಟ್ಟಿಲ್ಲ. ಹೆಣ್ಣುಹುಡುಗಿಗೆ ಯಾಕೆ ಬೇಕಿತ್ತು ಎಂದು ನೆಂಟರೆಲ್ಲ ನನ್ನನ್ನೇ ಕೇಳುತ್ತಾರೆ. ಮಗಳು ಈಗ ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್‌ನಲ್ಲಿ ಹವಾಮಾನದ ವಿಡಿಯೊಗಳನ್ನು ನೋಡುತ್ತಾಳೆ. ಹತ್ತು ವರ್ಷಕ್ಕೆ ಎಲ್ಲ ಮುಗಿಯುತ್ತದೆ, ಓದಿ ಏನು ಪ್ರಯೋಜನ, ನಾನು ಮದುವೆಯಾಗುವುದಿಲ್ಲ ಎನ್ನುತ್ತಾಳೆ. ಇದು ಮಾನಸಿಕ ಕಾಯಿಲೆಯೇ? ನಮ್ಮ ಸೀಮೆಗೆ ಬರ ಹೊಸದೇನಲ್ಲವಲ್ಲ, ಅವಳು ಹೇಳುವುದರಲ್ಲಿ ನಿಜವೆಷ್ಟು? ಮುಂದೆ ಪೊಲೀಸ್ ಕೇಸು ಗೀಸು ಆಗಿ ಅವಳ ಭವಿಷ್ಯ ಹಾಳಾದರೆ ಗತಿಯೇನು? ಅವಳ ಬಾಯಿ ಮುಚ್ಚಿಸಬೇಕೋ, ಬಿಡಬೇಕೋ ತಿಳಿಯದಾಗಿದೆ. ಸಾಲದ ವಿಷಯ ಮಕ್ಕಳಿಗೆ ಗೊತ್ತಿಲ್ಲ. ನನಗೂ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ನಾನು ಮೂರು ಬಾರಿ ಓದಿದೆ. ದಾವಣಗೆರೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯೆಯಾಗಿ 22 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆಯ ಮಕ್ಕಳನ್ನು ಅವರ ತಂದೆತಾಯಿ ಬಸ್ಸು ಹತ್ತಿಸಿ ಕರೆತರುತ್ತಾರೆ. ಮೊದಲ ಹದಿನೈದು ವರ್ಷಗಳಲ್ಲಿ ಮಳೆಯ ಮಾತನ್ನು ತಮ್ಮ ಸಂಕಟವೆಂದು ನನ್ನ ಮುಂದೆ ಇಟ್ಟ ಮಕ್ಕಳು ಬೆರಳೆಣಿಕೆಯಷ್ಟು. ಕಳೆದ ಕೆಲವು ವರ್ಷಗಳಲ್ಲಿ ಅದು ಹೆಚ್ಚಾಗಿದೆ. ಆದ್ದರಿಂದ ನಿಮ್ಮ ಮಗಳು ಒಂಟಿಯಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗಳ ಮನಸ್ಸು ಕೆಟ್ಟಿದೆಯೇ ಎಂಬ ಭಯ, ಅವಳ ಮಾತಿನಿಂದ ಮನೆತನಕ್ಕೂ ಅವಳ ಮುಂದಿನ ಬದುಕಿಗೂ ಪೆಟ್ಟು ಬೀಳುತ್ತದೆಯೇ ಎಂಬ ಭಯ, ಅವಳು ಹೇಳುತ್ತಿರುವುದೇ ನಿಜವಾಗಿಬಿಟ್ಟರೆ ಏನು ಗತಿ ಎಂಬ ಭಯ. ಮೂರನೆಯದನ್ನು ನೀವು ನೇರವಾಗಿ ಬರೆದಿಲ್ಲ, ಆದರೆ ನಾಲ್ಕು ಬೋರ್‌ಗಳ ಲೆಕ್ಕ ಕೊಟ್ಟವರ ಮನಸ್ಸಿನಲ್ಲಿ ಅದು ಇರಲೇಬೇಕು.

ಕಾಯಿಲೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಹವಾಮಾನದ ಬದಲಾವಣೆಯ ಬಗ್ಗೆ ಆತಂಕಪಡುವುದು ವೈದ್ಯಕೀಯ ಶಾಸ್ತ್ರದ ಯಾವ ರೋಗಪಟ್ಟಿಯಲ್ಲೂ ಕಾಯಿಲೆಯೆಂದು ಇಲ್ಲ. ಎದುರಿಗೆ ನಿಜವಾದ ಅಪಾಯವಿದ್ದಾಗ ಮನಸ್ಸು ಕಳವಳಗೊಳ್ಳುವುದು ಆರೋಗ್ಯದ ಲಕ್ಷಣವೇ ಹೌದು. ತೋಟ ಒಣಗುವುದನ್ನು ಕಣ್ಣಾರೆ ಕಂಡ ಹುಡುಗಿ ನಿಶ್ಚಿಂತೆಯಿಂದ ಇದ್ದಿದ್ದರೆ ನಾನು ಹೆಚ್ಚು ಯೋಚಿಸುತ್ತಿದ್ದೆ. ಇದು ಮೊಬೈಲ್‌ನಿಂದ ಕಲಿತ ಖಯಾಲಿ ಎನ್ನುವ ನೆಂಟರ ಮಾತೂ ಸರಿಯಲ್ಲ. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳಲ್ಲಿ 16ರಿಂದ 25 ವರ್ಷದೊಳಗಿನ 10,000 ಮಂದಿಯನ್ನು ಕೇಳಿ ನಡೆಸಿದ ಅಧ್ಯಯನವೊಂದು ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 59ರಷ್ಟು ಮಂದಿ ತಮಗೆ ತೀವ್ರ ಅಥವಾ ಅತಿ ತೀವ್ರ ಚಿಂತೆಯಿದೆ ಎಂದರು. ಶೇ 45ಕ್ಕೂ ಹೆಚ್ಚು ಮಂದಿ ಈ ಚಿಂತೆ ತಮ್ಮ ದಿನನಿತ್ಯದ ಊಟ, ನಿದ್ದೆ, ಓದಿನ ಮೇಲೂ ಪರಿಣಾಮ ಮಾಡಿದೆ ಎಂದರು. ನಿಮಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅದರಲ್ಲಿದೆ. ಈ ವಿಷಯವನ್ನು ಬೇರೆಯವರೊಂದಿಗೆ ಮಾತಾಡಲು ಹೋದವರ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ತಮ್ಮ ಮಾತನ್ನು ಕಡೆಗಣಿಸಲಾಯಿತು ಅಥವಾ ತಳ್ಳಿಹಾಕಲಾಯಿತು ಎಂದು ಹೇಳಿದರು. ನನ್ನ ಅನುಭವವೂ ಇದೇ. ಮಕ್ಕಳನ್ನು ನನ್ನ ಕೋಣೆಯವರೆಗೆ ತರುವುದು ಬರದ ಭಯಕ್ಕಿಂತ ಹೆಚ್ಚಾಗಿ, ಆ ಭಯವನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಸಿಗದ ಸ್ಥಿತಿ.

ಹಾಗೆಂದು ನಿಮ್ಮ ಮಗಳ ಸ್ಥಿತಿ ಹಗುರವಾದದ್ದು ಎಂದು ನಾನು ಹೇಳಲಾರೆ. ನಿದ್ದೆಗೇಡು ಎರಡು ವಾರ ಮೀರಿದ್ದರೆ, ಊಟ ಕಡಿಮೆಯಾಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಗೆಳತಿಯರನ್ನೂ ಕೆಲಸಗಳನ್ನೂ ದೂರವಿಟ್ಟಿದ್ದರೆ, ‘ಬದುಕಿ ಏನು ಪ್ರಯೋಜನ’ ಎನ್ನುವ ಮಾತು ಆಡಿದರೆ, ಅದು ಹವಾಮಾನದ ಚಿಂತೆಯನ್ನು ದಾಟಿ ಖಿನ್ನತೆಯ ಕಡೆಗೆ ಹೊರಳಿದೆ ಎಂದು ತಿಳಿಯಬೇಕು. ‘ಓದಿ ಏನು ಪ್ರಯೋಜನ’ ಎಂಬ ಮಾತು ಈಗಾಗಲೇ ಬಂದಿದೆ. ಆದ್ದರಿಂದ ಅವಳನ್ನು ಒಮ್ಮೆ ಮನೋವೈದ್ಯರಿಗೆ ತೋರಿಸುವುದು ಅಗತ್ಯ. ಸಾಯುವ ಮಾತು ಬಂದರಂತೂ ಅದೇ ದಿನ ತೋರಿಸಬೇಕು. ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಲೂಬೇಡಿ.

ಈಗ ನಿಮ್ಮ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಮಾತಿಗೆ ಬರುತ್ತೇನೆ: ‘ಸಾಲದ ವಿಷಯ ಮಕ್ಕಳಿಗೆ ಗೊತ್ತಿಲ್ಲ.’ ಕೆಲವು ವರ್ಷಗಳ ಹಿಂದೆ ಹದಿಮೂರು ವರ್ಷದ ಹುಡುಗನೊಬ್ಬನನ್ನು ಹೊಟ್ಟೆನೋವೆಂದು ನನ್ನ ಬಳಿಗೆ ಕಳುಹಿಸಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸ್ಕ್ಯಾನಿಂಗ್ ಆಗಿತ್ತು, ಎಲ್ಲ ಪರೀಕ್ಷೆಗಳೂ ಆಗಿದ್ದವು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎರಡನೆಯ ಭೇಟಿಯಲ್ಲಿ ಅವನು ಚೀಲದಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಮುಂದಿನ ಪುಟಗಳಲ್ಲಿ ಗಣಿತದ ಲೆಕ್ಕಗಳಿದ್ದವು. ಹಿಂದಿನಿಂದ ತಿರುಗಿಸಿದರೆ ಪ್ರತಿ ಪುಟದಲ್ಲೂ ಎರಡು ಕಾಲಂ, ಒಂದರಲ್ಲಿ ತಾರೀಕು, ಇನ್ನೊಂದರಲ್ಲಿ ನಿಮಿಷ. ಅವರ ಬೋರ್‌ನ ಮೋಟರ್ ಚಾಲು ಮಾಡಿದ ಮೇಲೆ ನೀರು ನಿಂತು ಗಾಳಿ ಬಿಡುವವರೆಗೆ ಎಷ್ಟು ನಿಮಿಷವಾಯಿತು ಎಂಬ ಲೆಕ್ಕ ಅದು. 40, 38, 31, 22, 22, 14. ಆ ಅಂಕಿಗಳ ಕೆಳಗೆ ಪೆನ್ಸಿಲ್‌ನಲ್ಲಿ ‘ಅಪ್ಪ ಈವತ್ತು ಊಟ ಮಾಡಲಿಲ್ಲ’ ಎಂದು ಬರೆದಿದ್ದ. ತಂದೆ ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಮಗನಿಗೆ ಏನೂ ಗೊತ್ತಿಲ್ಲವೆಂದು ಅವರೂ ನಿಮ್ಮಂತೆಯೇ ನಂಬಿದ್ದರು.

ಮಕ್ಕಳಿಗೆ ಗೊತ್ತಿರುತ್ತದೆ. ರಾತ್ರಿ ಹೊರಗೆ ಹೋಗಿ ಮಾತಾಡುವ ಫೋನ್, ಬ್ಯಾಂಕಿನಿಂದ ಬಂದ ಲಕೋಟೆ, ಅಮ್ಮನ ಕೊರಳಿನಲ್ಲಿ ಕಾಣದ ಸರ, ಫಸಲು ಗುತ್ತಿಗೆ ಹಿಡಿಯುವ ಖೇಣಿದಾರ ಬಂದುಹೋದ ಮೇಲಿನ ಮೌನ, ಇವನ್ನೆಲ್ಲ ಅವರು ಜೋಡಿಸಿ ಓದುತ್ತಾರೆ. ಮೊತ್ತ ಮಾತ್ರ ಗೊತ್ತಿರುವುದಿಲ್ಲ, ಗೊತ್ತಿಲ್ಲದ ಮೊತ್ತ ಯಾವಾಗಲೂ ನಿಜವಾದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ಸಾಲಕ್ಕೆ ಅಂಜಿ ಪ್ರಾಣ ಕಳೆದುಕೊಂಡ ರೈತರ ಸುದ್ದಿಯನ್ನು ನಮ್ಮ ಜಿಲ್ಲೆಗಳ ಮಕ್ಕಳು ಪತ್ರಿಕೆಯಲ್ಲಿ ಓದಬೇಕಾಗಿಲ್ಲ, ಪಕ್ಕದ ಬೀದಿಯಿಂದಲೇ ಕೇಳಿರುತ್ತಾರೆ. ನಿಮ್ಮ ಮಗಳನ್ನು ನಾನು ನೋಡಿಲ್ಲ, ಆದರೂ ನನ್ನ ಅನುಭವದಿಂದ ಒಂದು ಮಾತು ಹೇಳುತ್ತೇನೆ. ಅವಳು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿರುವುದು ಭೂಮಿಯ ಚಿಂತೆಯಿಂದ ಮಾತ್ರವಲ್ಲದೆ ನಿಮ್ಮ ಚಿಂತೆಯಿಂದಲೂ ಇರಬಹುದು. ಮನೆಯಲ್ಲಿ ಆಡಲಾಗದ ಮಾತನ್ನು ಅವಳು ಪಂಚಾಯಿತಿಯಲ್ಲಿ ಆಡಿದ್ದಾಳೆ. ‘ಕೆರೆ ಉಳಿಸಿ’ ಎಂದವಳ ಒಳಗೆ ‘ನಮ್ಮಪ್ಪನನ್ನು ಉಳಿಸಿ’ ಎಂಬ ಕೂಗು ಇರಬಹುದೇ ಎಂದು ನೀವು ಒಮ್ಮೆ ಯೋಚಿಸಬೇಕು. ಅವಳ ಬಾಯಿ ಮುಚ್ಚಿಸುವುದೋ ಬಿಡುವುದೋ ಎಂಬ ಪ್ರಶ್ನೆ ಆಮೇಲಿನದು. ಸಾಲ ಎಷ್ಟಿದೆ, ಯಾರಿಗೆ ಕೊಡಬೇಕು, ಹೇಗೆ ತೀರಿಸಲು ಯೋಚಿಸಿದ್ದೀರಿ ಎಂಬುದನ್ನು ಅವಳ ಮುಂದೆ ಕುಳಿತು, ಲೆಕ್ಕ ಬರೆದು ಹೇಳುವುದು ಮೊದಲಿನದು. ತೀರಿಸುವ ದಾರಿ ಇನ್ನೂ ಪೂರ್ತಿ ಕಾಣದಿದ್ದರೆ ಹಾಗೆಂದೇ ಹೇಳಿ. ‘ಏನೇ ಆದರೂ ನಾನು ನಿಮ್ಮ ಜೊತೆ ಇರುತ್ತೇನೆ’ ಎಂಬ ಮಾತನ್ನು ಮಾತ್ರ ಬಾಯಿಬಿಟ್ಟು ಹೇಳಿ. ನಮ್ಮ ಕಡೆಯ ಗಂಡಸರು ಆ ಮಾತು ಹೇಳದೆಯೇ ತಿಳಿಯುತ್ತದೆ ಎಂದುಕೊಳ್ಳುತ್ತಾರೆ. ಹೇಳದಿದ್ದರೆ ಮಕ್ಕಳಿಗೆ ಅದು ತಿಳಿಯುವುದಿಲ್ಲ.

ಬರ ಹೊಸದಲ್ಲ ಎನ್ನುವ ನಿಮ್ಮ ಮಾತು ನಿಜ. ಚಿತ್ರದುರ್ಗ ಮಳೆ ನೆರಳಿನ ಜಿಲ್ಲೆ, ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಇದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಹಾಗಾಗಿ ‘ಹಿಂದೆ ಎಲ್ಲ ಸಮೃದ್ಧವಾಗಿತ್ತು, ಈಗ ಹಾಳಾಯಿತು’ ಎಂದು ನಿಮ್ಮ ಮಗಳು ಹೇಳಿದ್ದರೆ ಅದು ನಮ್ಮ ಸೀಮೆಯ ಚರಿತ್ರೆಗೆ ಹೊಂದುವುದಿಲ್ಲ.

ಆದರೆ ಹಳೆಯ ಬರ ಮತ್ತು ಈಗಿನ ಬರ ಒಂದೇ ಎನ್ನುವುದೂ ತಪ್ಪು ತಿಳಿವಳಿಕೆಯೇ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಶೇ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಅದರಿಂದ ಎರಡು ಪರಿಣಾಮಗಳು ಒಟ್ಟಿಗೇ ಆಗುತ್ತವೆ: ಮಳೆ ಬಾರದ ದಿನಗಳಲ್ಲಿ ಬಿಸಿ ಗಾಳಿ ಮಣ್ಣಿನ, ಗಿಡದ ತೇವವನ್ನು ಬೇಗ ಹೀರುತ್ತದೆ, ಬಂದಾಗ ಮಳೆ ಒಂದೇ ಸಮನೆ ಸುರಿದು ಹರಿದುಹೋಗುತ್ತದೆ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಹಂಚಿಕೆ ಕೆಟ್ಟರೆ ರೈತನಿಗೆ ಅದು ಬರವೇ. 2022ರಲ್ಲಿ ವಾಣಿವಿಲಾಸ ಸಾಗರ ತುಂಬಿ ಹರಿದ ಮರುವರ್ಷವೇ, 1901ರಿಂದ ದಾಖಲೆಯಿರುವ ಅಷ್ಟೂ ವರ್ಷಗಳಲ್ಲಿ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಬಂತು. ಆ ತಿಂಗಳು ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಯಿತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಆಗಸ್ಟ್ ಉತ್ತರಾರ್ಧದ ಆ ಮಳೆಯನ್ನು ಕುರಿತೇ. ಆ ವರ್ಷ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರನ್ನು ಕುಗ್ಗಿಸುವ ವಿದ್ಯಮಾನ ಇತ್ತು, ಒಂದು ವರ್ಷದ ಬರವನ್ನು ತೋರಿಸಿ ಎಲ್ಲವೂ ಹವಾಮಾನ ಬದಲಾವಣೆಯಿಂದಲೇ ಎನ್ನಲಾಗದು. ಆದರೆ ಬಿಸಿಯಾದ ನೆಲದ ಮೇಲೆ ಬಂದ ಬರ ತಂಪಾದ ನೆಲದ ಮೇಲೆ ಬಂದ ಬರಕ್ಕಿಂತ ಕಠಿಣ.

ನಿಮ್ಮ ಬೋರ್‌ಗಳ ವಿಷಯದಲ್ಲಿ ಮಾತ್ರ ಮಗಳೂ ನೀವೂ ಇನ್ನಷ್ಟು ನಿಷ್ಠುರವಾಗಿ ನೋಡಬೇಕಾಗುತ್ತದೆ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಅಡಿಕೆ ವರ್ಷವಿಡೀ ನೀರು ಬೇಡುವ ಬೆಳೆ. ರಾಗಿ, ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳೆಲ್ಲ ತೋಟವಾದಂತೆ, ಇಳಿಯುವ ನೀರಿಗಿಂತ ಎತ್ತುವ ನೀರು ಹೆಚ್ಚಾಯಿತು. ಕೆರೆಗಳಲ್ಲಿ ಹೂಳು ತುಂಬಿತು, ಅಂಗಳ ಒತ್ತುವರಿಯಾಯಿತು, ಹಳ್ಳಗಳ ದಾರಿ ಮುಚ್ಚಿತು. ಮಳೆ ಸರಿಯಾಗಿ ಬಂದಿದ್ದರೂ ಈ ಮೂರು ಸೇರಿ ಬೋರ್‌ಗಳನ್ನು ಸೋಲಿಸುತ್ತಿದ್ದವು. ಹವಾಮಾನದ ಬದಲಾವಣೆ ಆ ಸೋಲನ್ನು ಬೇಗ ತಂದಿತು ಎಂದರೆ ಸರಿಯಾದ ಮಾತು. ನನ್ನ ಕ್ಷೇತ್ರ ಮನಸ್ಸು, ಜಲವಿಜ್ಞಾನವಲ್ಲ. ಆದರೂ ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಯಾವ ತೊಂದರೆ ಊರಿನಲ್ಲೇ ಸರಿಪಡಿಸಬಹುದಾದದ್ದು, ಯಾವುದು ದೇಶದೇಶಗಳು ಸೇರಿ ಸರಿಪಡಿಸಬೇಕಾದದ್ದು ಎಂದು ಬಿಡಿಸಿ ಕಂಡಾಗ ಮಕ್ಕಳ ಎದೆಯ ಭಾರ ಇಳಿಯುವುದನ್ನು ನಾನು ಕಂಡಿದ್ದೇನೆ. ಕೆರೆಯ ಹೂಳು ಇಡೀ ಭೂಮಿಯ ಉಷ್ಣತೆಯಷ್ಟು ದೊಡ್ಡ ಸಮಸ್ಯೆಯಲ್ಲ, ಅದಕ್ಕೆ ಕೈಹಾಕಬಹುದು. ನಿಮ್ಮ ಮಗಳು ಸಭೆಯಲ್ಲಿ ಕೇಳಿದ್ದೂ ಅದನ್ನೇ ಅಲ್ಲವೇ?

‘ಹತ್ತು ವರ್ಷಕ್ಕೆ ಎಲ್ಲ ಮುಗಿಯುತ್ತದೆ’ ಎಂಬ ಮಾತು ಅವಳು ನೋಡುವ ವಿಡಿಯೊಗಳಿಂದ ಬಂದದ್ದು, ವಿಜ್ಞಾನದಿಂದ ಬಂದದ್ದಲ್ಲ. ಇಂತಿಷ್ಟು ವರ್ಷಕ್ಕೆ ಭೂಮಿ ಅಂತ್ಯವಾಗುತ್ತದೆ ಎಂದು ಯಾವ ವೈಜ್ಞಾನಿಕ ವರದಿಯೂ ಹೇಳಿಲ್ಲ. ಉಷ್ಣತೆ ಏರಿದಷ್ಟೂ ಹಾನಿ ಹೆಚ್ಚುತ್ತದೆ, ಏರಿಕೆಯಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗವನ್ನು ತಡೆದರೂ ಅಷ್ಟು ಹಾನಿ ತಪ್ಪುತ್ತದೆ ಎಂಬುದು ವಿಜ್ಞಾನದ ಮಾತು. ಇದನ್ನು ಅವಳೊಂದಿಗೆ ವಾದಿಸಿ ಗೆಲ್ಲಲು ಹೋಗಬೇಡಿ. ಅವಳು ನೋಡುವ ಒಂದು ವಿಡಿಯೊವನ್ನು ಅವಳ ಪಕ್ಕದಲ್ಲಿ ಕುಳಿತು ನೋಡಿ, ಇದನ್ನು ಹೇಳಿದವರು ಯಾರು, ಎಲ್ಲಿಂದ ತಿಳಿದರು ಎಂದು ಕುತೂಹಲದಿಂದ ಕೇಳಿ. ವಿಜ್ಞಾನದ ವಿದ್ಯಾರ್ಥಿನಿಗೆ ಈ ಪ್ರಶ್ನೆ ರುಚಿಸುತ್ತದೆ. ರಾತ್ರಿ ಹತ್ತರ ಮೇಲೆ ಮನೆಯವರೆಲ್ಲರ ಮೊಬೈಲ್, ನಿಮ್ಮದೂ ಸೇರಿ, ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ. ಅವಳದನ್ನು ಮಾತ್ರ ಕಸಿದುಕೊಂಡರೆ ಅದು ಶಿಕ್ಷೆಯಾಗುತ್ತದೆ.

ಪೊಲೀಸ್ ಕೇಸಿನ ಭಯದ ಬಗ್ಗೆ ಹೇಳುವುದಾದರೆ, ನಾನು ವಕೀಲೆಯಲ್ಲ, ಆದರೆ ಇಂಥ ಕುಟುಂಬಗಳೊಂದಿಗೆ ಕೆಲಸ ಮಾಡುತ್ತ ವಕೀಲ ಮಿತ್ರರಿಂದ ತಿಳಿದದ್ದನ್ನು ಬರೆಯುತ್ತೇನೆ. ಮಕ್ಕಳ ಗ್ರಾಮ ಸಭೆ ಎಂಬುದು ಸರ್ಕಾರವೇ ಪಂಚಾಯಿತಿಗಳಿಂದ ನಡೆಸುವ ಸಭೆ. 18 ವರ್ಷದೊಳಗಿನವರು ತಮ್ಮ ತೊಂದರೆಗಳನ್ನು ಹೇಳಲೆಂದೇ ಅದನ್ನು ಕರೆಯಲಾಗುತ್ತದೆ. ಅಲ್ಲಿ ಮಾತಾಡಿದ್ದು ಅಪರಾಧವಾಗುವುದಿಲ್ಲ, ಉದ್ಯೋಗದ ಪೊಲೀಸ್ ಪರಿಶೀಲನೆಯಲ್ಲಿ ಅದು ಬರುವುದೂ ಇಲ್ಲ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಮಗುವಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅದರ ಅಭಿಪ್ರಾಯವನ್ನು ಕೇಳಬೇಕೆಂದು ಅದರ 12ನೇ ವಿಧಿ ಹೇಳುತ್ತದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಗುರುತಿಸಿದೆ. ಆದರೆ ಅಪಾಯವೇ ಇಲ್ಲ ಎಂದು ನಾನು ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. 2021ರ ಫೆಬ್ರುವರಿಯಲ್ಲಿ ಬೆಂಗಳೂರಿನ 22 ವರ್ಷದ ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ರೈತ ಹೋರಾಟಕ್ಕೆ ಸಂಬಂಧಿಸಿದ ಆನ್‌ಲೈನ್ ದಾಖಲೆಯೊಂದರ ಪ್ರಕರಣದಲ್ಲಿ ದೆಹಲಿ ಪೊಲೀಸರು ಬಂಧಿಸಿದ್ದು, ಹತ್ತು ದಿನಗಳ ಮೇಲೆ ನ್ಯಾಯಾಲಯ ಜಾಮೀನು ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಿಮ್ಮೂರಿನ ಸಭೆಗೂ ಅದಕ್ಕೂ ಹೋಲಿಕೆಯಿಲ್ಲ. ನಿಮ್ಮ ಮಗಳಿಗೆ ಇರುವ ನಿಜವಾದ ತೊಡಕು ಬೇರೆ: ದಾಖಲೆಯಿಲ್ಲದೆ ಒಬ್ಬ ವ್ಯಕ್ತಿಯ ಹೆಸರು ಹಿಡಿದು ಒತ್ತುವರಿದಾರನೆಂದು ಕರೆದರೆ ಮಾನನಷ್ಟದ ಮಾತು ಬರಬಹುದು. ಅವಳು ಹೆಸರು ಹೇಳಿಲ್ಲವೆಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಅದು ಜಾಣತನ. ಮುಂದೆಯೂ ಸರ್ವೆ ನಂಬರ್ ಹೇಳಲಿ, ಹೆಸರು ಬೇಡ.

ಮಕ್ಕಳು ಮಾತಾಡಿದರೆ ಏನಾದರೂ ಆಗುತ್ತದೆಯೇ ಎಂದು ನಿಮಗೆ ಅನಿಸಬಹುದು. ಉತ್ತರಾಖಂಡದ ರಿಧಿಮಾ ಪಾಂಡೆ ತನ್ನ ಒಂಬತ್ತನೇ ವಯಸ್ಸಿನಲ್ಲಿ, 2017ರಲ್ಲಿ, ಹವಾಮಾನ ಬದಲಾವಣೆಯ ವಿರುದ್ಧ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದಳು. 2019ರಲ್ಲಿ ಆ ಅರ್ಜಿ ವಜಾ ಆಯಿತು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 16 ಎಳೆಯರು ಹವಾಮಾನದ ವಿಷಯದಲ್ಲಿ ರಾಜ್ಯದ ವಿರುದ್ಧ ಹೂಡಿದ ದಾವೆಯನ್ನು ಅಲ್ಲಿನ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು, ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಖಚಿತಪಡಿಸಿತು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 27 ಮಂದಿ 2019ರಲ್ಲಿ ತರಗತಿಯಲ್ಲಿ ಹುಟ್ಟಿಸಿದ, ಹವಾಮಾನದ ಪ್ರಶ್ನೆಯನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯುವ ಯೋಚನೆಯನ್ನು ವನುವಾಟು ಎಂಬ ಪುಟ್ಟ ದೇಶ ಕೈಗೆತ್ತಿಕೊಂಡಿತು. ಕೊನೆಗೆ 2025ರ ಜುಲೈ 23ರಂದು ಅಂತಾರಾಷ್ಟ್ರೀಯ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂಬ ಅಭಿಪ್ರಾಯ ಕೊಟ್ಟಿತು. ಅದಕ್ಕೆ ಆರು ವರ್ಷ ಹಿಡಿಯಿತು. ಸೋತದ್ದೂ ಗೆದ್ದದ್ದೂ ಎರಡನ್ನೂ ಮಗಳಿಗೆ ಹೇಳಿ, ಯಾಕೆಂದರೆ ಒಂದು ವಿಡಿಯೊದಿಂದ ಮುಂದಿನ ವಾರವೇ ಕೆರೆ ತೆರವಾಗುತ್ತದೆ ಎಂದು ನಂಬಿದ ಮಕ್ಕಳು ಬೇಗ ಮುರಿದು ಬೀಳುತ್ತಾರೆ.

ಈಗ ನಿಮ್ಮ ಮುಂದಿರುವ ದಾರಿಗಳು. ಅವಳನ್ನು ತಡೆಯಬಹುದು. ನೆಂಟರ ಬಾಯಿ ಕೆಲವು ದಿನ ಮುಚ್ಚುತ್ತದೆ, ಅಣ್ಣ ಮತ್ತೆ ಮನೆಗೆ ಬರಬಹುದು. ಆದರೆ ಆತಂಕ ಹಾಗೆ ಹೋಗುವುದಿಲ್ಲ, ಒಳಗೆ ಹೋಗುತ್ತದೆ. ನನ್ನ ಬಳಿಗೆ ಬರುವ ಹೊಟ್ಟೆನೋವು, ತಲೆಸುತ್ತು, ಪರೀಕ್ಷೆಯ ದಿನ ಕೈ ನಡುಗುವುದು ಇವುಗಳಲ್ಲಿ ಹಲವು ಹೀಗೆ ಒಳಗೆ ಹೋದವೇ. ಅವಳಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ನಷ್ಟ. ಇದಕ್ಕೆ ಎದುರಾಗಿ, ಅವಳಿಷ್ಟದಂತೆ ಮಾಡಲಿ ಎಂದು ಕೈಬಿಡಬಹುದು. ಕೆಲವು ತಂದೆತಾಯಿ ಇದನ್ನೇ ಪ್ರೋತ್ಸಾಹ ಎಂದುಕೊಳ್ಳುತ್ತಾರೆ. ಹದಿನೇಳರ ಹುಡುಗಿಯ ವಿಡಿಯೊ ಊರೂರು ಸುತ್ತುವಾಗ ಬರುವ ಹೊಲಸು ಮಾತುಗಳನ್ನು ಅವಳು ಒಬ್ಬಳೇ ಓದಬೇಕಾಗುತ್ತದೆ. ಚುನಾವಣೆ ಹತ್ತಿರ ಬಂದಾಗ ಒಂದು ಬಣ ಅವಳನ್ನು ಹೊತ್ತು ಮೆರೆಸಿ, ಇನ್ನೊಂದು ಬಣ ಅವಳನ್ನು ಹಳಿಯುತ್ತದೆ. ಚೆನ್ನಾಗಿ ಮಾತಾಡುವ ಮಕ್ಕಳನ್ನು ದೊಡ್ಡವರು ತಮ್ಮ ಕೆಲಸಕ್ಕೆ ಬಳಸಿಕೊಂಡು ಬಿಟ್ಟದ್ದನ್ನು ನಾನು ಕಂಡಿದ್ದೇನೆ, ಆ ಮಕ್ಕಳಿಗೆ ಆಮೇಲೆ ಯಾರನ್ನು ನಂಬಬೇಕೆಂದೇ ತೋಚುವುದಿಲ್ಲ. ಈಗ ಹರಿದಾಡುತ್ತಿರುವ ವಿಡಿಯೊವನ್ನು ತೆಗೆಯಿರಿ ಎಂದು ಗ್ರೂಪ್‌ನ ಅಡ್ಮಿನ್‌ಗೆ ಕೇಳಬೇಕಾದವರು ನೀವು. ಅದನ್ನು ಅವಳ ಪಾಲಿಗೆ ಬಿಡಬೇಡಿ.

ನಾನು ಸಾಮಾನ್ಯವಾಗಿ ಸಲಹೆ ಮಾಡುವುದು ಮೂರನೆಯ ದಾರಿ, ಅವಳ ಮಾತಿಗೆ ಆಧಾರ ಒದಗಿಸಿ ನೀವು ಜೊತೆಗೆ ನಿಲ್ಲುವುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ನಿಮ್ಮ ಹೋಬಳಿಯ ಮಳೆಯ ಅಂಕಿಗಳನ್ನು ಅವಳು ಅಲ್ಲಿಂದ ಪಡೆಯಬಹುದು. ಮನೆಯ ಅಂಗಳದಲ್ಲಿ ತಾನೇ ಒಂದು ಮಳೆಮಾಪಕ ಇಟ್ಟು ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆಯಬಹುದು. ಕೆರೆಯ ವಿಸ್ತೀರ್ಣ ದಾಖಲೆಯಲ್ಲಿ ಎಷ್ಟಿದೆ ಎಂದು ಮಾಹಿತಿ ಹಕ್ಕಿನಲ್ಲಿ ನೀವು 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕು. ಗಡಿ ಅಳತೆ ಮಾಡಿಸಿ ಎಂದು ತಹಶೀಲ್ದಾರರಿಗೆ ಕೊಡುವ ಅರ್ಜಿಗೆ ಅವಳೊಬ್ಬಳ ಸಹಿ ಬೇಡ, ನಿಮ್ಮದೂ ಇರಲಿ, ಊರಿನ ಇನ್ನೂ ಹತ್ತು ಹಿರಿಯರದೂ ಇರಲಿ. ಮುಂದಿನ ಮಕ್ಕಳ ಸಭೆಯ ಹೊತ್ತಿಗೆ ಅವಳಿಗೆ 18 ತುಂಬಿರಬಹುದು. ಹಿಂದಿನ ಬೇಡಿಕೆಗೆ ಏನು ಕ್ರಮವಾಯಿತು ಎಂದು ಕೇಳಲು ಅವಳಿಗಿಂತ ಕಿರಿಯ ಹುಡುಗಿಯರನ್ನು ಅವಳು ತಯಾರು ಮಾಡಿದರೆ ಒಂಟಿತನವೂ ಕಡಿಮೆಯಾಗುತ್ತದೆ. ಈ ದಾರಿಯಲ್ಲೂ ಅಪಾಯವಿದೆ. ಇದು ನಿಧಾನ, ಕಚೇರಿಗಳಿಗೆ ಅಲೆದಾಟ, ಮಾರ್ಚ್‌ನ ಪರೀಕ್ಷೆಗೆ ಅಡ್ಡಿಯಾಗಬಹುದು. ಪರೀಕ್ಷೆ ಮುಗಿಯುವವರೆಗೆ ಕಚೇರಿ ಓಡಾಟ ನನ್ನದು, ಮಳೆಯ ಲೆಕ್ಕ ನಿನ್ನದು ಎಂದು ನೀವು ಕೆಲಸ ಹಂಚಿಕೊಳ್ಳಬಹುದು.

ಅತ್ಯಂತ ಕಷ್ಟದ ಭಾಗ ನಿಮ್ಮ ಅಣ್ಣನದು. ಮಗಳನ್ನು ಅವರ ಬಳಿಗೆ ಕ್ಷಮೆ ಕೇಳಲು ಕಳುಹಿಸಬೇಡಿ, ಅವಳು ತಪ್ಪು ಮಾಡಿಲ್ಲ. ನೀವೇ ಹೋಗಿ. ಅವಳು ನಿನ್ನ ಹೆಸರು ಹೇಳಿಲ್ಲ, ನಾಳೆ ಅಳತೆಯಾದರೆ ಎಲ್ಲರ ಜಮೀನಿನೊಂದಿಗೆ ನಿನ್ನದೂ ನನ್ನದೂ ಆಗುತ್ತದೆ ಎಂದು ಹೇಳಿ. ನಿಮ್ಮ ತೋಟದ ಅಂಚೂ ಕೆರೆಗೆ ತಾಗಿದ್ದರೆ, ಮೊದಲು ಅದನ್ನೇ ಅಳೆಸಿ. ಅವರು ಒಪ್ಪದೆ ಇರಬಹುದು, ವರ್ಷಗಟ್ಟಲೆ ಮಾತು ಬಿಡಬಹುದು. ಆ ಬೆಲೆಯನ್ನು ತೆರಬೇಕೇ ಎಂಬುದನ್ನು ನೀವು ಮತ್ತು ನಿಮ್ಮ ಪತ್ನಿ ತೀರ್ಮಾನಿಸಬೇಕು, ಮಗಳ ಮೇಲೆ ಹೊರಿಸಬಾರದು. ಕೆರೆಯ ವಿಷಯ ಸದ್ಯಕ್ಕೆ ಬೇಡವೆಂದು ನೀವಿಬ್ಬರೂ ನಿರ್ಧರಿಸಿದರೂ ತಪ್ಪೇನಿಲ್ಲ. ಆಗ ಅದು ದೊಡ್ಡಪ್ಪನ ಸಂಬಂಧಕ್ಕಾಗಿ ನಾವು ತೆಗೆದುಕೊಂಡ ನಿರ್ಧಾರ ಎಂದು ಅವಳಿಗೆ ನೇರವಾಗಿ ಹೇಳಿ, ‘ನಿನಗೆ ತಿಳಿಯುವುದಿಲ್ಲ’ ಎನ್ನಬೇಡಿ.

ಮದುವೆಯ ಮಾತಿಗೆ ಈಗ ಉತ್ತರ ಕೊಡುವ ಅಗತ್ಯವೇ ಇಲ್ಲ. ಹದಿನೇಳರಲ್ಲಿ ಆಡಿದ ಆ ಮಾತನ್ನು ಪ್ರತಿಜ್ಞೆಯಂತೆ ತೆಗೆದುಕೊಳ್ಳಬೇಡಿ.

ಚಿತ್ರದುರ್ಗದ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ ನಿಮಗೆ ಹತ್ತಿರ. ಹೋಗುವ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ನಿಮಗೂ ನಿದ್ದೆ ಬರುತ್ತಿಲ್ಲವೆಂದು ಕೊನೆಯಲ್ಲಿ ಬರೆದಿದ್ದೀರಿ. ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಮಾಡಿಸುವಾಗ ಒಂದನ್ನು ನಿಮ್ಮ ಹೆಸರಿನಲ್ಲೂ ಮಾಡಿಸಿ, ಅದನ್ನು ಮಗಳು ನೋಡುವಂತೆ ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಸರದಿಗೆ ಕುಳಿತುಕೊಳ್ಳಿ.